ಎರೆಮಣ್ಣಿನಲ್ಲಿ ಇಂಗುಗುಂಡಿ: ಆಳವೋ, ಅಗಲವೋ?

ನವಲಗುಂದದ ಕಡೆಯ ನಮ್ಮೂರಿನದು ಕಡು ಎರೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಮಳೆ ಬಿದ್ದರೆ ಮಣ್ಣು ಉಬ್ಬಿ, ಹನಿ ನೀರೂ ಕೆಳಗಿಳಿಯದು. ಮನೆ ಕಟ್ಟಿದ ನಾಲ್ಕನೇ ವರ್ಷ, ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರನ್ನು ಇಂಗಿಸುವ ಗುಂಡಿ ಕೆಲಸ ಮಾಡದೆ ಶೌಚಾಲಯದ ನೀರು ಹಿಂದಕ್ಕೆ ಉಕ್ಕತೊಡಗಿತು. ವಯಸ್ಸಾದ ಅವ್ವ "ನಾ ಬಯಲಿಗೇ ಹೊಕ್ಕೇನಿ ಬಿಡೋ" ಅಂದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಗೌಂಡಿ ಹೇಳಿದ್ದು ಎಲ್ಲರೂ ಹೇಳುವುದನ್ನೇ: "ಇನ್ನೈದು ಫೂಟು ಆಳ ತಗಸ್ರಿ, ತಾನ ಇಂಗತೈತಿ." ಮೇ ತಿಂಗಳಲ್ಲಿ ಹೊಸ ಗುಂಡಿ ತೋಡಿ ಸಿಮೆಂಟ್ ರಿಂಗ್ ಇಳಿಸಿದೆವು. ಬಿರುಕುಗಳು ನೀರು ಕುಡಿದಷ್ಟು ದಿನ ಚೆನ್ನಾಗಿತ್ತು. ಉತ್ತರಿ ಮಳೆಗೆ ಗುಂಡಿ ತುಂಬಿ ನಿಂತಿತು. ಆಳದ ಜೇಡಿಗೆ ಗಾಳಿಯಾಡದು; ಗುಂಡಿಯ ಗೋಡೆಗೆ ಕಟ್ಟಿ ನೀರಿನ ದಾರಿ ಮುಚ್ಚುವ ಕರಿ ಲೋಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಗಾಳಿ ಬೇಕು. ಆ ಖರ್ಚು ದಂಡ.

ಆಮೇಲೆ ಕೊಳಚೆ ಹೀರುವ ಸಕಿಂಗ್ ಗಾಡಿ. ಮೂರು ವಾರಕ್ಕೆ ಮತ್ತೆ ಅದೇ ಗತಿ. ಎರಡು-ಮೂರು ವರ್ಷಕ್ಕೊಮ್ಮೆ ಟ್ಯಾಂಕಿನ ಕೆಸರು ತೆಗೆಸಲೇಬೇಕು, ಆದರೆ ಅದರಿಂದ ಮಣ್ಣಿನ ಗುಣ ಬದಲಾಗದು. ಮನುಷ್ಯರನ್ನು ಮಾತ್ರ ಒಳಗಿಳಿಸಬೇಡಿ: ಒಳಗಿನ ಗಾಳಿ ಜೀವ ತೆಗೆಯುತ್ತದೆ, ರಕ್ಷಣಾ ಸಾಧನವಿಲ್ಲದೆ ಇಳಿಸುವುದನ್ನು ಮಲಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯೂ ನಿಷೇಧಿಸಿದೆ.

ಮೂರನೆಯ ಸಲ ಮೊದಲು ಮಣ್ಣನ್ನೇ ಕೇಳಿದೆವು. ಎರಡಡಿಯ ಕುಣಿ ತೋಡಿ, ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಗೇಣು ನೀರು ಹಾಕಿದೆವು. ತಾಸಿಗೆ ಎರಡು ಬೆರಳೂ ಇಳಿಯಲಿಲ್ಲ. ಅಂದರೆ ನೀರು ಕೆಳಗಿಂತ ಮೇಲಕ್ಕೆ ಹೋಗಬೇಕು, ಬಿಸಿಲಿಗೆ, ಎಲೆಗೆ. ಮೂವತ್ತು ಅಡಿ ಉದ್ದ, ಎರಡಡಿ ಅಗಲ, ಎರಡೂವರೆ ಅಡಿ ಆಳದ ಎರಡು ಕಾಲುವೆ ತೆಗೆದೆವು. ಒಣ ಮಣ್ಣಿನಲ್ಲೇ ತೋಡಿ. ಹಸಿ ಎರೆಗೆ ಸಲಿಕೆ ಹಾಕಿದರೆ ಬದಿಗಳು ಗಿಲಾವು ಮಾಡಿದಂತೆ ಮುಚ್ಚಿಕೊಳ್ಳುತ್ತವೆ. ನಾವು ಕುಂಟೆಯ ಹಲ್ಲಿನಿಂದ ಬದಿ ಕೆರೆದೆವು. ಕೆಳಗೆ ದಪ್ಪ ಕಡಿ (ಜಲ್ಲಿಕಲ್ಲು), ನಡುವೆ ಟ್ಯಾಂಕಿನ ನೀರು ತರುವ ತೂತಿನ ನಾಲ್ಕಿಂಚು ಪೈಪು, ಮೇಲೆ ಹುಲ್ಲು, ಗರ್ಸು (ಗರಸು ಮಣ್ಣು), ಆಮೇಲೆ ದಿಬ್ಬದಂತೆ ಮಣ್ಣು, ಮಳೆನೀರು ಜಾರಿಹೋಗಲಿ ಎಂದು. ದಿಬ್ಬದ ಮೇಲೆ ಕಾಬಾಳೆ (ಕ್ಯಾನಾ ಹೂಗಿಡ). ಬಚ್ಚಲ ನೀರನ್ನು ಬೇರೆ ಮಾಡಿ ಬಾಳೆಗಿಡಕ್ಕೆ ತಿರುಗಿಸಿದೆವು. ಟ್ಯಾಂಕಿನ ಹೊರೆ ಅರ್ಧಕ್ಕಿಂತ ಕಡಿಮೆಯಾಗಿದ್ದು ಅದರಿಂದಲೇ. ಇದೊಂದನ್ನು ಮೊದಲೇ ಮಾಡಬೇಕಿತ್ತು.

ಆರು ತಿಂಗಳಿಗೊಮ್ಮೆ ನೀರು ಬಿಡುವ ಕಾಲುವೆಯ ಸಾಲು ಬದಲಿಸುತ್ತೇವೆ. ಬಿಡುವಿದ್ದ ಸಾಲು ಒಣಗಿ ಲೋಳೆ ಕಳೆದುಕೊಳ್ಳುತ್ತದೆ. ಈ ಸಲ ಚಿತ್ತಿ ಮಳೆ ನಾಲ್ಕು ದಿನ ಹಿಡಿದಾಗ ಒಂದು ಸಾಲು ಮಂದವಾಯಿತು, ಇನ್ನೊಂದಕ್ಕೆ ತಿರುಗಿಸಿದೆವು. ಹಿತ್ತಲಲ್ಲಿ ಇಷ್ಟು ಜಾಗವಿಲ್ಲದವರಿಗೆ ಇದು ಒಗ್ಗದು. ಅವರು ಸೋರದ ಟ್ಯಾಂಕ್ ಕಟ್ಟಿಸಿ, ಗಾಡಿಯವರ ದಾರಿ ನೋಡಬೇಕಾಗುತ್ತದೆ.