ಜೆಪಿಎಲ್ ಹೊರೈಜನ್ಸ್: ನಮ್ಮೂರಿನ ಆಕಾಶಕ್ಕೆ ಕ್ಷುದ್ರಗ್ರಹದ ಟೈಮ್‌ಟೇಬಲ್

ಕ್ಷುದ್ರಗ್ರಹವೊಂದು ಭೂಮಿಯ ಪಕ್ಕದಲ್ಲೇ ಹಾದುಹೋಗುತ್ತದೆ ಅಂತ ಸುದ್ದಿ ಬಂದಾಗ ನೋಡುವವರಿಗೆ ಬೇಕಾಗುವುದು ಇಷ್ಟೇ: ತುಮಕೂರಿನಿಂದ ಎಷ್ಟು ಗಂಟೆಗೆ, ಯಾವ ದಿಕ್ಕಿಗೆ, ಎಷ್ಟು ಎತ್ತರಕ್ಕೆ ಕಣ್ಣು ಹಾಯಿಸಬೇಕು? ಸುದ್ದಿಯಲ್ಲಿ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ. ಆ ಉತ್ತರ ಕೊಡುವುದು ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ (ಜೆಪಿಎಲ್) ನಡೆಸುವ ಹೊರೈಜನ್ಸ್ ಎಂಬ ಸೇವೆ. ಪೂರ್ತಿ ಉಚಿತ, ಲಾಗಿನ್ ಬೇಡ, ಬ್ರೌಸರ್ ಇದ್ದರೆ ಸಾಕು. ಆದರೆ ಡೀಫಾಲ್ಟ್ ಸೆಟ್ಟಿಂಗ್ ಹಾಗೇ ಬಿಟ್ಟರೆ ಸಿಗುವ ಲೆಕ್ಕ ನಮ್ಮೂರಿನದ್ದಾಗಿರುವುದಿಲ್ಲ.

ಮೊದಲು ಬದಲಿಸಬೇಕಾದ್ದು ಅಬ್ಸರ್ವರ್ ಲೊಕೇಶನ್, ಅಂದರೆ ನೋಡುವವರು ನಿಂತ ಜಾಗ. ಅಲ್ಲಿ ಮೊದಲೇ ಇರುವುದು ಭೂಮಿಯ ಕೇಂದ್ರ. ಗುರುಗ್ರಹ ನೋಡುವವರಿಗೆ ಇದರಿಂದ ಏನೂ ವ್ಯತ್ಯಾಸವಾಗದು. ಆದರೆ 2029ರ ಏಪ್ರಿಲ್ 13ರ ಅಪೋಫಿಸ್ ಎಂಬ ಕ್ಷುದ್ರಗ್ರಹವನ್ನೇ ತಗೊಳ್ಳಿ. ಅದು ಭೂಕೇಂದ್ರದಿಂದ ಸುಮಾರು 38,000 ಕಿ.ಮೀ., ನೆಲದಿಂದ ಸುಮಾರು 32,000 ಕಿ.ಮೀ. ದೂರಕ್ಕೆ ಬರುತ್ತದೆ. ಭೂಸ್ಥಿರ ಉಪಗ್ರಹಗಳಿಗಿಂತಲೂ ಒಳಗೆ! ಭೂಮಿಯ ತ್ರಿಜ್ಯ 6,378 ಕಿ.ಮೀ. ಇರುವಾಗ, ಕೇಂದ್ರದಿಂದ ಲೆಕ್ಕ ಹಾಕಿದ ಜಾಗಕ್ಕೂ ನಾವು ನಿಂತಲ್ಲಿಂದ ಕಾಣುವ ಜಾಗಕ್ಕೂ 9 ಡಿಗ್ರಿಗೂ ಹೆಚ್ಚು ಅಂತರ ಬೀಳಬಹುದು. ಬೈನಾಕ್ಯುಲರ್‌ನಲ್ಲಿ ಕಾಣುವ ವೃತ್ತವೇ ಆರೇಳು ಡಿಗ್ರಿ.

ಆದ್ದರಿಂದ ಸ್ಥಳವನ್ನು ಕೈಯಾರೆ ಹಾಕಿ. ತುಮಕೂರಿಗೆ ಪೂರ್ವ ರೇಖಾಂಶ 77.10, ಉತ್ತರ ಅಕ್ಷಾಂಶ 13.34. ಕೋಲಾರಕ್ಕೆ 78.13, 13.14. ಚಿಕ್ಕಬಳ್ಳಾಪುರಕ್ಕೆ 77.73, 13.43. ಎತ್ತರ ಕೇಳುವುದು ಕಿಲೋಮೀಟರ್‌ನಲ್ಲಿ. ತುಮಕೂರಿಗೆ 0.82 ಅಂತ ಹಾಕಬೇಕು. ಮೀಟರ್ ಅಂದುಕೊಂಡು 820 ಹೊಡೆದರೆ ನಿಮ್ಮನ್ನು ಅಂತರಿಕ್ಷಕ್ಕೇ ಏರಿಸಿದಂತೆ. ತುಮಕೂರಿಗೂ ಕೋಲಾರಕ್ಕೂ ಸುಮಾರು 110 ಕಿ.ಮೀ. ಇದೆ. 32,000 ಕಿ.ಮೀ. ದೂರದ ಕಲ್ಲಿಗೆ ಅದು 0.2 ಡಿಗ್ರಿ ವ್ಯತ್ಯಾಸ, ಚಂದ್ರನ ಅಗಲದ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಬೈನಾಕ್ಯುಲರ್‌ಗೆ ಇದು ಲೆಕ್ಕಕ್ಕಿಲ್ಲ, ಹೆಚ್ಚು ಪವರ್ ಹಾಕಿದ ಟೆಲಿಸ್ಕೋಪ್‌ಗೆ ಖಂಡಿತ ಇದೆ.

ಟಾರ್ಗೆಟ್ ಬಾಡಿಯಲ್ಲಿ (ನೋಡಬೇಕಾದ ವಸ್ತು) 99942 ಅಂತ ಹಾಕಿದರೆ ಅಪೋಫಿಸ್ ಬರುತ್ತದೆ. ಸಮಯ ಯುಟಿಯಲ್ಲಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯದಲ್ಲಿರುತ್ತದೆ. ಟೇಬಲ್ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಜೋನ್ +05:30 ಮಾಡಿಕೊಳ್ಳಿ. ಅಪೋಫಿಸ್ ಅತಿ ಹತ್ತಿರ ಬರುವುದು ಯುಟಿ 21:46ಕ್ಕೆ, ಅಂದರೆ ನಮಗೆ 14ರ ಬೆಳಗಿನ ಜಾವ 3:16. ತಾರೀಖೇ ಬದಲಾಗುವುದರಿಂದ ಇಲ್ಲಿ ತಪ್ಪಿದರೆ ಒಂದು ರಾತ್ರಿಯೇ ಹೋಯಿತು. ಸ್ಟೆಪ್ ಸೈಜ್ (ಎಷ್ಟು ಹೊತ್ತಿಗೊಂದು ಸಾಲು ಬೇಕು ಎನ್ನುವುದು) ಸಂಜೆಯಿಂದ 10 ನಿಮಿಷ ಇರಲಿ, ನೋಡುವ ಹೊತ್ತಿಗೆ 1 ನಿಮಿಷ.

ಕಾಲಂಗಳಲ್ಲಿ 1, 3, 4, 9, 20 ಇಟ್ಟುಕೊಂಡು ಮಿಕ್ಕಿದ್ದು ತೆಗೆದುಬಿಡಿ. 1 ನಕ್ಷತ್ರ ನಕ್ಷೆಗೆ ಹೊಂದುವ ಸ್ಥಾನ, 3 ಚಲಿಸುವ ವೇಗ, 9 ಹೊಳಪು (ಅಂಕಿ ಕಮ್ಮಿಯಾದಷ್ಟೂ ಹೊಳಪು ಜಾಸ್ತಿ), 20 ದೂರ (ಮಾನವನ್ನು ಕಿ.ಮೀ.ಗೆ ಬದಲಿಸಿ). ಇಡೀ ಸೇವೆಯ ಜೀವಾಳ ಮಾತ್ರ 4ನೇ ಕಾಲಂ: ದಿಗಂಶ (ಯಾವ ದಿಕ್ಕು) ಮತ್ತು ಎತ್ತರ (ದಿಗಂತದಿಂದ ಎಷ್ಟು ಡಿಗ್ರಿ ಮೇಲೆ). ಎತ್ತರ ಮೈನಸ್ ಬಂದರೆ ವಸ್ತು ದಿಗಂತದ ಕೆಳಗಿದೆ ಎಂದರ್ಥ. 3:16ಕ್ಕೆ ಅಪೋಫಿಸ್ ಅಟ್ಲಾಂಟಿಕ್ ಸಾಗರದ ಮೇಲಿರುತ್ತದೆ, ನಮಗೆ ಎತ್ತರ ಮೈನಸ್ಸೇ. ಅದು ಹಿಂದೂ ಮಹಾಸಾಗರ ದಾಟುವುದು ಅದಕ್ಕೂ ಮೊದಲು, ನಾವು ನೋಡಬೇಕಾದ್ದು ಆಗ. 3.1ರ ಸುಮಾರಿನ ಗರಿಷ್ಠ ಹೊಳಪು ನಮ್ಮ ಪಾಲಿಗಿಲ್ಲ, ಹಾಗಾಗಿ ಬೈನಾಕ್ಯುಲರ್ ಕೈಯಲ್ಲಿರಲಿ. ಒಳ್ಳೆಯದೆಂದರೆ ಅಂದು ಅಮಾವಾಸ್ಯೆ, ಬೆಳದಿಂಗಳ ಕಾಟವಿಲ್ಲ.

ದಿಗಂಶ ಉತ್ತರದಿಂದ ಪೂರ್ವದ ಕಡೆಗೆ ಎಣಿಸುವ ಡಿಗ್ರಿ: ಪೂರ್ವ 90, ದಕ್ಷಿಣ 180. ಇದನ್ನು ಬೆಂಗಳೂರಿನ ಬೆಳಕಿನ ಜೊತೆ ಹೋಲಿಸಿ ನೋಡಲೇಬೇಕು. ಬೆಂಗಳೂರು ತುಮಕೂರಿಗೆ ಸುಮಾರು 130 ಡಿಗ್ರಿಯಲ್ಲಿ, ಚಿಕ್ಕಬಳ್ಳಾಪುರಕ್ಕೆ 195ರಲ್ಲಿ, ಕೋಲಾರಕ್ಕೆ 250ರಲ್ಲಿ ಬೀಳುತ್ತದೆ. ಕ್ಷುದ್ರಗ್ರಹ ತೆಂಕಣ ಆಕಾಶದಲ್ಲಿ ಕೆಳಗಿದ್ದರೆ ಚಿಕ್ಕಬಳ್ಳಾಪುರದವರಿಗೆ ಕಷ್ಟ, ಕೋಲಾರದವರಿಗೆ ಅನುಕೂಲ. ಪಡುವಣಕ್ಕೆ ಇಳಿಯುವಾಗ ಲೆಕ್ಕ ತಿರುಗುಮುರುಗು. ತುಮಕೂರಿನವರು ದೇವರಾಯನದುರ್ಗ, ಮಧುಗಿರಿ ಕಡೆ ಸರಿದಷ್ಟೂ ಕತ್ತಲು ಜಾಸ್ತಿ.

ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ತಂತ್ರಾಂಶದಲ್ಲೇ ನೋಡಬಹುದಲ್ಲ ಎನ್ನುವವರಿದ್ದಾರೆ. ನಕ್ಷೆಯಾಗಿ ಅದು ಬಹಳ ಒಳ್ಳೆಯದು. ಆದರೆ ಕ್ಷುದ್ರಗ್ರಹಗಳನ್ನು ಅದು ಸೂರ್ಯನ ಸುತ್ತಲಿನ ಸ್ಥಿರ ಕಕ್ಷೆಯಲ್ಲಿ ಓಡಿಸುತ್ತದೆ, ಭೂಮಿಯ ಗುರುತ್ವ ದಾರಿ ಬಾಗಿಸುವುದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಹತ್ತಿರದ ಹಾಯುವಿಕೆಯಲ್ಲಿ ಮುಖ್ಯವಾದದ್ದೇ ಅದು. ಹೊರೈಜನ್ಸ್‌ನ ಸ್ಥಾನಗಳನ್ನು ಸ್ಟೆಲೇರಿಯಂ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುವುದೇ ಸರಿಯಾದ ಕ್ರಮ.

ಕೊರತೆಗಳೂ ಇವೆ. ಎಲ್ಲವೂ ಇಂಗ್ಲಿಷ್‌ನಲ್ಲಿ, ಚಿತ್ರವಿಲ್ಲ. ಅಗಲವಾದ ಟೇಬಲ್ ಮೊಬೈಲಿನಲ್ಲಿ ಸಾಲು ಮುರಿದು ಓದಲಾಗದಂತೆ ಆಗುತ್ತದೆ. ಲ್ಯಾಪ್‌ಟಾಪಿನಲ್ಲಿ ತೆಗೆದು ಪ್ರಿಂಟ್ ಮಾಡಿಕೊಳ್ಳುವುದೇ ವಾಸಿ. ಸಮಯದ ಪಕ್ಕದ ನಕ್ಷತ್ರ ಚಿಹ್ನೆ (*) ಎಂದರೆ ಸೂರ್ಯ ಮೇಲಿದ್ದಾನೆ, ಆ ಸಾಲುಗಳನ್ನು ಬಿಟ್ಟುಬಿಡಿ.

ಹೊಸದಾಗಿ ಸಿಕ್ಕ ಕಲ್ಲಾದರೆ 36ನೇ ಕಾಲಂ ಸೇರಿಸಿ, ಸ್ಥಾನದ ಅನಿಶ್ಚಿತತೆ ಗೊತ್ತಾಗುತ್ತದೆ. ಹೊಸ ವೀಕ್ಷಣೆಗಳು ಸೇರಿದ ಹಾಗೆಲ್ಲ ಕಕ್ಷೆ ತಿದ್ದುಪಡಿಯಾಗುವುದರಿಂದ ಹಿಂದಿನ ವಾರದ ಪ್ರಿಂಟ್ ನಂಬದೆ ಅದೇ ದಿನ ಮತ್ತೆ ತೆಗೆಯಿರಿ. ಪತ್ತೆಯೇ ಆಗದ್ದನ್ನು ಯಾವ ಸೇವೆಯೂ ತೋರಿಸಲಾರದು: 2020ರ ಆಗಸ್ಟ್ 16ರಂದು ಹಿಂದೂ ಮಹಾಸಾಗರದ ಮೇಲೆ 2,950 ಕಿ.ಮೀ. ಎತ್ತರದಲ್ಲಿ ಹಾದ 2020 ಕ್ಯೂಜಿ ಎಂಬ ಕ್ಷುದ್ರಗ್ರಹ ಕಣ್ಣಿಗೆ ಬಿದ್ದಿದ್ದು ದಾಟಿಹೋದ ಸುಮಾರು ಆರು ಗಂಟೆಯ ಮೇಲೆ.