ಶೋಲೆ ಜರ್ದ್‌ಗೆ ಯಾವ ಅಕ್ಕಿ? ಮೂರು ಪಾತ್ರೆ ಆದ ಮೇಲೆ ನುಚ್ಚಿಗೇ ಬಂದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಬಾಸ್ಮತಿ ನುಚ್ಚಿಗೆ. ಐದು ಕಿಲೋ ಈಜಿಪ್ಟ್ ಅಕ್ಕಿಯ ಚೀಲ ಇನ್ನೂ ಅಡುಗೆಮನೆ ಮೂಲೆಯಲ್ಲಿ ಕೂತಿದೆ. ಅದನ್ನು ಹೊತ್ತು ತರುವ ಮುಂಚೆ ಯಾರಾದರೂ ಕನ್ನಡದಲ್ಲಿ ಹೀಗೊಂದು ಬರೆದಿಟ್ಟಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಶೋಲೆ ಜರ್ದ್ ಇರಾನಿನ ಸಿಹಿ. ಜರ್ದ್ ಅಂದರೆ ಫಾರ್ಸಿಯಲ್ಲಿ ಹಳದಿ. ನಮ್ಮ ಬೀಡಾ ಅಂಗಡಿಯ ಜರ್ದಾಕ್ಕೂ ಅದೇ ಮೂಲ, ನಗಬೇಡಿ. ಪಾಯಸ ಅಂತ ಕರೆಯೋಣ ಅಂದರೆ ಇದರಲ್ಲಿ ಹಾಲೇ ಇಲ್ಲ. ಹಾಲು ಹಾಕಿ ಮಾಡುವುದು ಬೇರೆ, ಅದು ಶೀರ್ ಬೆರೆಂಜ್, ಬೆಳ್ಳಗಿರುತ್ತದೆ. ಇದಕ್ಕೆ ಬೇಕಾದ್ದು ನೀರು, ಅಕ್ಕಿ, ಸಕ್ಕರೆ, ಕೇಸರಿ, ಪನ್ನೀರು (ಗುಲಾಬಿ ನೀರು, ಪನೀರ್ ಅಲ್ಲ), ಏಲಕ್ಕಿ, ಸೀಳಿದ ಬಾದಾಮಿ, ಸ್ವಲ್ಪ ಬೆಣ್ಣೆ. ಬಟ್ಟಲಿಗೆ ಸುರಿದು ತಣ್ಣಗಾದ ಮೇಲೆ ಹದವಾಗಿ ನಿಲ್ಲಬೇಕು, ಚಮಚ ಹಾಕಿದರೆ ನಡುಗಬೇಕು. ಮೇಲೆ ದಾಲ್ಚಿನ್ನಿ ಪುಡಿಯಲ್ಲಿ ಚಿತ್ತಾರ ಬಿಡಿಸುತ್ತಾರೆ, ಇಲ್ಲವೇ ದೇವರ ಹೆಸರು, ಇಮಾಮರ ಹೆಸರು ಬರೆಯುತ್ತಾರೆ.

ಇದರ ರುಚಿ ಹತ್ತಿಸಿದ್ದು ನಮ್ಮ ಮೇಲಿನ ಮಹಡಿಯ ಖಾನುಮ್. ನಾವಿರುವುದು ದುಬೈಯಲ್ಲಿ, ಅವರು ಇರಾನಿನ ಮಶ್‌ಹದ್ ಕಡೆಯವರು. ಮೊಹರಂ ತಿಂಗಳ ಹತ್ತನೇ ದಿನವಾದ ಆಶುರಾ ಕಳೆದು ನಲವತ್ತನೇ ದಿನ ಬರುವ ಅರ್ಬಯೀನ್‌ಗೆ ಅವರ ಮನೆಯಲ್ಲಿ ಹರಕೆಯ ಅಡುಗೆ. ನಜ್ರಿ ಅನ್ನುತ್ತಾರೆ. ದೊಡ್ಡ ಪಾತ್ರೆಯಲ್ಲಿ ಶೋಲೆ ಜರ್ದ್ ಕುದಿಯುತ್ತಿರುತ್ತದೆ. ಮನೆಗೆ ಬಂದವರೆಲ್ಲ ಒಬ್ಬೊಬ್ಬರಾಗಿ ಸೌಟು ಹಿಡಿದು, ಮನಸ್ಸಿನಲ್ಲಿ ಏನೋ ಬೇಡಿಕೊಂಡು, ನಾಲ್ಕು ಸುತ್ತು ತಿರುಗಿಸಿ ಹೋಗುತ್ತಾರೆ. ಆಮೇಲೆ ಅಕ್ಕಪಕ್ಕದ ಮನೆಗಳಿಗೆಲ್ಲ ಬಟ್ಟಲು. ನಮಗೂ ಒಂದು ಬಂತು. ಖಾಲಿ ಬಟ್ಟಲು ವಾಪಸ್ ಕೊಡಬಾರದಲ್ವಾ, ಹಯಗ್ರೀವ ತುಂಬಿಸಿ ಕೊಟ್ಟೆ. ಅಲ್ಲಿಂದ ಶುರುವಾಯಿತು ನಮ್ಮಿಬ್ಬರ ಸ್ನೇಹ.

ಅವರನ್ನೇ ನೇರ ಕೇಳಿ ಮಾಡಬಹುದಿತ್ತು. ಆದರೆ ನನಗೆ ಹುಂಬತನ. ಫೋನಿನಲ್ಲಿ ಹುಡುಕಿದೆ. ಇಂಗ್ಲಿಷಿನಲ್ಲಿ ಬರೆದವರಲ್ಲಿ ಬಹಳ ಜನ ಗಿಡ್ಡ ಕಾಳಿನ ಅಕ್ಕಿ ತನ್ನಿ ಅಂದಿದ್ದರು. ದುಬೈಯಲ್ಲಿ ಗಿಡ್ಡ ಕಾಳು ಅಂದರೆ ಮೊದಲು ಕೈಗೆ ಸಿಗುವುದು ಈಜಿಪ್ಟ್ ಅಕ್ಕಿ. ಐದು ಕಿಲೋ ಚೀಲಕ್ಕೆ ರಿಯಾಯಿತಿ ಬೇರೆ ಇತ್ತು. ತಂದೆ.

ಈಜಿಪ್ಟ್ ಅಕ್ಕಿ ಬೇಗ ಬೇಯುತ್ತದೆ, ಅದೊಂದು ಒಪ್ಪುತ್ತೇನೆ. ನಲವತ್ತೈದು ನಿಮಿಷಕ್ಕೆ ಮೆತ್ತಗಾಯಿತು. ಬಿಸಿ ಇರುವಾಗ ಚೆನ್ನಾಗಿಯೇ ಇತ್ತು. ಬೆಳಗ್ಗೆ ಫ್ರಿಜ್ ತೆಗೆದು ನೋಡಿದರೆ ಗೋಂದು. ಬಟ್ಟಲು ಬೋರಲು ಹಾಕಿದರೂ ಬೀಳಲಿಲ್ಲ. ಈ ಅಕ್ಕಿಯಲ್ಲಿ ಅಂಟು ಜಾಸ್ತಿ, ಕಾಳು ಮಾತ್ರ ಉಂಡುಂಡೆಯಾಗಿ ಹಾಗೇ ಉಳಿಯುತ್ತದೆ, ಸುತ್ತ ಅಂಟು ಕಟ್ಟುತ್ತದೆ. ಅಕ್ಕಿಗೆ ತನ್ನದೇ ಪರಿಮಳವೂ ಇಲ್ಲ. ನಮ್ಮನೆಯವರು ಒಂದು ಚಮಚ ತಿಂದು "ಇದನ್ನು ಕತ್ತರಿಸಿ ತಿನ್ನಬೇಕಾ?" ಅಂದರು.

ಎರಡನೆಯದು ಸೋನಾ ಮಸೂರಿ. ಮನೆಯಲ್ಲಿ ಹೇಗೂ ಇರುತ್ತದೆ, ಹೊಸದಾಗಿ ಏನೂ ಕೊಳ್ಳಬೇಕಾಗಿಲ್ಲ. ನನ್ನ ಗೋಳೆಲ್ಲ ಶುರುವಾಗಿದ್ದು ಇಲ್ಲೇ.

ನಮ್ಮ ಚೀಲ ಹಳೇ ಅಕ್ಕಿಯದು. ಊಟಕ್ಕೆ ಅದೇ ಬೇಕು, ಅನ್ನ ಉದುರುದುರಾಗಿ ಬರುತ್ತದೆ. ಶೋಲೆ ಜರ್ದ್‌ಗೆ ಅದೇ ಶತ್ರು. ರಾತ್ರಿ ನೆನೆಸಿದ್ದೆ. ಒಂದು ಲೋಟ ಅಕ್ಕಿಗೆ ಎಂಟು ಲೋಟ ನೀರು ಇಟ್ಟು, ಸಣ್ಣ ಉರಿಯಲ್ಲಿ ಒಂದು ಗಂಟೆ ಕುದಿಸಿದೆ. ಒಂದು ಅಗುಳು ಹಿಸುಕಿ ನೋಡಿದೆ, ಮೆತ್ತಗಿತ್ತು. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು ಅಂತ ಕೇಳಿಕೊಂಡೇ ಬೆಳೆದವಳು ನಾನು. ಎರಡು ಲೋಟ ಸಕ್ಕರೆ ಸುರಿದೆ.

ಸುರಿದ ಕೂಡಲೇ ಪಾತ್ರೆಯೊಳಗಿನ ಗಟ್ಟಿ ಗಂಜಿ ತೆಳ್ಳಗೆ ತಿಳಿಸಾರಿನ ಹಾಗೆ ಆಯಿತು. ಗಾಬರಿ ಆಗಬೇಡಿ, ಅದು ಎಲ್ಲರಿಗೂ ಆಗುತ್ತದೆ, ಸಕ್ಕರೆ ಕರಗಿ ನೀರಾಗುತ್ತದೆ, ಕುದಿಯುತ್ತಾ ಮತ್ತೆ ಕೂಡಿಕೊಳ್ಳುತ್ತದೆ. ನನಗೆ ಆಗ ಗೊತ್ತಿರಲಿಲ್ಲ. ಗಟ್ಟಿಯಾಗಲಿ ಅಂತ ಉರಿ ಜೋರು ಮಾಡಿದೆ, ತಳ ಹಿಡಿಯಿತು. ಅದಕ್ಕಿಂತ ದೊಡ್ಡ ತೊಂದರೆ ರುಚಿ ನೋಡಿದಾಗ ಗೊತ್ತಾಯಿತು. ಕೆಲವು ಅಗುಳಿನ ನಡುವೆ ಸಣ್ಣ ಗಟ್ಟಿ. ಸರಿ, ಇನ್ನೂ ಬೇಯಲಿ ಅಂತ ಬಿಟ್ಟೆ. ಅರ್ಧ ಗಂಟೆ. ಒಂದು ಗಂಟೆ. ನೀರು ಹಾಕಿದೆ, ಮತ್ತೆ ನೀರು ಹಾಕಿದೆ. ಸುತ್ತ ಎಲ್ಲ ಕರಗಿತು, ಆ ನಡುವಿನ ಗಟ್ಟಿ ಮಾತ್ರ ಹಾಗೇ. ಬದಲಿಗೆ ಇನ್ನೂ ಗಡುಸಾಯಿತೇನೋ ಅನ್ನಿಸಿತು. ಮೆತ್ತನೆಯ ಸಿಹಿಯೊಳಗೆ ಮರಳು ಸಿಕ್ಕಿದ ಹಾಗೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಗೊಣಗಿದೆ. ಅಮ್ಮ ಇರುವುದು ಕುಂದಾಪುರದಲ್ಲಿ, ಇರಾನ್ ಎಲ್ಲಿದೆ ಅಂತ ಕೇಳಿದರೆ ಟಿವಿ ಕಡೆ ಕೈ ತೋರಿಸುತ್ತಾರೆ. ಕತೆ ಪೂರ್ತಿ ಕೇಳಿ ಒಂದೇ ಮಾತು ಅಂದರು: "ಹಯಗ್ರೀವಕ್ಕೆ ಬೇಳೆ ಬೇಯದೆ ಬೆಲ್ಲ ಹಾಕ್ತೀಯಾ ನೀನು?"

ಹೌದಲ್ವಾ! ಕಡಲೆಬೇಳೆ ಪೂರ್ತಿ ಬೇಯುವ ಮೊದಲು ಬೆಲ್ಲ ಬಿದ್ದರೆ ಬೇಳೆ ಅಲ್ಲಿಗೇ ನಿಂತಿತು, ಆಮೇಲೆ ಎಷ್ಟು ಸೌದೆ ಸುಟ್ಟರೂ ಅಷ್ಟೇ. ಇಲ್ಲೂ ಅದೇ. ಅಕ್ಕಿಯ ಹಿಟ್ಟಿನಂಶ ನೀರು ಹೀರಿ ಉಬ್ಬಿದರೆ ತಾನೇ ಕಾಳು ಮೆತ್ತಗಾಗುವುದು? ಸಕ್ಕರೆ ಬಂತು ಅಂದರೆ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಅಕ್ಕಿಗೆ ಸಿಗುವ ನೀರು ಕಡಿಮೆಯಾಗುತ್ತದೆ, ಉಬ್ಬುವುದಕ್ಕೆ ಶಾಖವೂ ಜಾಸ್ತಿ ಬೇಕಾಗುತ್ತದೆ. ಇಷ್ಟು ವರ್ಷ ಹಯಗ್ರೀವ ಮಾಡಿದವಳಿಗೆ ಇದು ತಲೆಗೆ ಹೊಳೆಯಲಿಲ್ಲ.

ಮರುದಿನ ಖಾನುಮ್ ಹತ್ತಿರ ಹೋಗಿ ಸೋಲು ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಅಜೀಜಮ್, ಅಂದರೆ ನನ್ನ ಪ್ರೀತಿಯವಳೇ, ಅಂತ ಕರೆದು ಚಹಾ ಕೊಟ್ಟರು. ಆಮೇಲೆ ಒಂದು ಡಬ್ಬಿ ತೆಗೆದು ತೋರಿಸಿದರು. ಒಳಗಿದ್ದದ್ದು ನುಚ್ಚಕ್ಕಿ! ಅವರ ಭಾಷೆಯಲ್ಲಿ ನೀಮ್ ದಾನೆ, ಅಂದರೆ ಅರ್ಧ ಕಾಳು. ಇರಾನಿನಲ್ಲಿ ಉದ್ದ ಕಾಳಿನ ಒಳ್ಳೇ ಅಕ್ಕಿ ಪಲಾವಿಗೆ, ಆಯುವಾಗ ಉಳಿದ ಮುರುಕು ಗಟ್ಟಿ ಸೂಪಿನಂಥ ಆಶ್‌ಗೆ ಮತ್ತು ಶೋಲೆ ಜರ್ದ್‌ಗೆ. ಒಡೆದ ಕಾಳು ಚಿಕ್ಕದು, ನೀರು ನಡುವಿನವರೆಗೂ ಇಳಿಯುತ್ತದೆ. ಉದ್ದ ಕಾಳಿನ ಪರಿಮಳವೂ ಇರುತ್ತದೆ, ಅಂಟೂ ಹದವಾಗಿ ಬಿಡುತ್ತದೆ. ನಮ್ಮ ಊರಿನಲ್ಲಿ ಕೋಳಿಗೆ ಎರಚುವ ನುಚ್ಚನ್ನು ಇವರು ಕೇಸರಿ ಜೊತೆ ಬೇಯಿಸುತ್ತಾರೆ ಅಂದಾಗ ಅಮ್ಮ ಬಿದ್ದು ಬಿದ್ದು ನಕ್ಕರು.

ಇರಾನಿ ನುಚ್ಚೇ ಬೇಕಾಗಿಲ್ಲ. ನಾನು ತರುವುದು ನಮ್ಮ ಸೂಪರ್‌ಮಾರ್ಕೆಟ್ಟಿನ ಬಾಸ್ಮತಿ ನುಚ್ಚು, ಇಡೀ ಬಾಸ್ಮತಿಗಿಂತ ಎಷ್ಟೋ ಅಗ್ಗ. ಐದಾರು ಸಲ ತೊಳೆಯಬೇಕು, ನೀರು ತಿಳಿಯಾಗುವ ತನಕ. ಪುಡಿ ಜಾಸ್ತಿ ಇರುತ್ತದೆ, ತೊಳೆಯದಿದ್ದರೆ ಗಂಜಿಯ ವಾಸನೆ. ಆಮೇಲೆ ಒಂದೆರಡು ಗಂಟೆ ನೆನೆಸಿದರೆ ಸಾಕು. ಐವತ್ತು ನಿಮಿಷಕ್ಕೆ ಅಗುಳು ಅರಳಿ, ಅಂಚು ಕರಗಿ, ನೀರೂ ಅಕ್ಕಿಯೂ ಒಂದಾಗುತ್ತವೆ. ಆಗ ಹತ್ತು ಅಗುಳು ಬೇರೆ ಬೇರೆ ಕಡೆಯಿಂದ ತೆಗೆದು ಹಿಸುಕಿ ನೋಡುತ್ತೇನೆ, ಒಂದಲ್ಲ. ಹತ್ತೂ ಬೆಣ್ಣೆಯ ಹಾಗೆ ಕರಗಿದರೆ ಮಾತ್ರ ಸಕ್ಕರೆ ಡಬ್ಬಿ ಮುಟ್ಟುವುದು.

ಇಡೀ ಬಾಸ್ಮತಿಯಲ್ಲೂ ಮಾಡಿ ನೋಡಿದೆ. ಬರುತ್ತದೆ, ಆದರೆ ಗಂಟೆಗಟ್ಟಲೆ ಬೇಯಿಸಿ ಮುರಿಯುವುದಕ್ಕೆ ದುಬಾರಿ ಅಕ್ಕಿ ಯಾಕೆ?

ಇನ್ನು ಕೇಸರಿ. ಇದರಲ್ಲೂ ಒಮ್ಮೆ ಮೋಸ ಹೋದೆ. ಮಾರ್ಕೆಟ್ಟಿನಲ್ಲಿ ಒಬ್ಬರು ಕಡಿಮೆ ಬೆಲೆಗೆ ದೊಡ್ಡ ಡಬ್ಬಿ ಕೊಟ್ಟರು. ತಣ್ಣೀರಿಗೆ ಹಾಕಿದ ಕೂಡಲೇ ಬಣ್ಣ ಬಿಟ್ಟಿತು, ಎಳೆ ಬಿಳಿಚಿಕೊಂಡಿತು. ಪರಿಮಳ ಸೊನ್ನೆ. ಬಿಡಿಸಿ ನೋಡಿದರೆ ನಮ್ಮ ವಿಜಯಪುರ, ಕಲಬುರಗಿ ಕಡೆ ಹೊಲದಲ್ಲಿ ಕಾಣುವ ಕುಸುಬೆಯ ಎಸಳಿನ ಹಾಗಿತ್ತು. ನಿಜವಾದ ಕೇಸರಿ ನಿಧಾನಕ್ಕೆ ಬಣ್ಣ ಬಿಡುತ್ತದೆ, ಎಳೆ ತುಂಬ ಹೊತ್ತು ಕೆಂಪಾಗೇ ಇರುತ್ತದೆ.

ಇರಾನಿ ಮತ್ತು ಕಾಶ್ಮೀರಿ, ಎರಡನ್ನೂ ಹಾಕಿ ಮಾಡಿದ್ದೇನೆ. ಪಾಂಪೋರ್ ಕಡೆಯ ಕಾಶ್ಮೀರಿ ಕೇಸರಿಗೆ 2020ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ನನ್ನ ಹತ್ತಿರ ಇದ್ದದ್ದು ಮೋಂಗ್ರಾ, ಅಂದರೆ ಹಳದಿ ಬುಡವಿಲ್ಲದ ಕೆಂಪು ತುದಿ. ಬಣ್ಣ ಗಾಢ, ಘಮವೂ ಗಾಢ. ಇರಾನಿನದು ಹೆಚ್ಚಾಗಿ ಖೊರಾಸಾನ್ ಪ್ರಾಂತ್ಯಗಳದ್ದು. ಖಾನುಮ್ ಊರು ಮಶ್‌ಹದ್ ಕೂಡ ಅಲ್ಲೇ ಬರುತ್ತದೆ, ಹಾಗಾಗಿ ಈ ವಿಷಯದಲ್ಲಿ ಅವರ ಮುಂದೆ ಬಾಯಿ ಬಿಡುವ ಹಾಗಿಲ್ಲ. ಅದರಲ್ಲಿ ಸರ್ಗೋಲ್, ನೆಗಿನ್ ಅಂತ ದರ್ಜೆಗಳಿವೆ. ಎರಡೂ ಬರೀ ಕೆಂಪು ಭಾಗ. ನೆಗಿನ್ ಎಳೆ ದಪ್ಪ, ಉದ್ದ, ನೋಡೋಕೆ ಚಂದ, ಬೆಲೆ ಜಾಸ್ತಿ. ನಾನು ಹೇಗೂ ಕುಟ್ಟಿ ಪುಡಿ ಮಾಡುತ್ತೇನೆ, ಚಂದ ಕಟ್ಟಿಕೊಂಡು ಏನಾಗಬೇಕು? ಸರ್ಗೋಲ್ ಸಾಕು. ಕಾಶ್ಮೀರಿಯನ್ನು ಹಬ್ಬದ ಹಾಲಿಗೆ ಎತ್ತಿಡುತ್ತೇನೆ.

ಕೇಸರಿಯನ್ನು ಎಳೆಯಾಗಿಯೇ ಹಾಕಿದರೆ ದಂಡ. ಒಂದು ಚಿಟಿಕೆ ಸಕ್ಕರೆ ಸೇರಿಸಿ ಸಣ್ಣ ಕುಟ್ಟಾಣಿಯಲ್ಲಿ ನುಣ್ಣಗೆ ಅರೆಯಬೇಕು. ಬಿಸಿ ನೀರಿನಲ್ಲಿ ನೆನೆಸುತ್ತಾರೆ, ಕುದಿಯುವ ನೀರಲ್ಲ. ಖಾನುಮ್ ದಾರಿ ಬೇರೆ. ಎರಡು ಐಸ್ ತುಂಡಿನ ಮೇಲೆ ಪುಡಿ ಉದುರಿಸಿ ಸುಮ್ನೆ ಬಿಟ್ಟುಬಿಡುತ್ತಾರೆ. ಐಸ್ ಕರಗುವಷ್ಟರಲ್ಲಿ ಬಟ್ಟಲಲ್ಲಿ ಕೆಂಪು ಶಾಯಿ. ಬಿಸಿನೀರಿಗಿಂತ ಇದರಲ್ಲಿ ಬಣ್ಣ ಒಂದು ಕೈ ಮೇಲು ಅಂತ ನನ್ನ ಕಣ್ಣಿಗೆ ಕಂಡಿತು. ಅವಸರದ ದಿನ ಮಾತ್ರ ಬಿಸಿನೀರು.

ಪನ್ನೀರು ಇರಾನಿನ ಕಾಶಾನ್ ಕಡೆಯದು ಸಿಕ್ಕರೆ ತನ್ನಿ, ಎಸೆನ್ಸ್ ಬೆರೆಸಿದ ಬಾಟಲಿ ಬೇಡ, ಸೋಪಿನ ವಾಸನೆ ಬರುತ್ತದೆ.

ಒಲೆಯ ಮೇಲೆ ದಪ್ಪ ತಳದ ಪಾತ್ರೆಯೋ, ಕುಕ್ಕರೋ? ಖಾನುಮ್ ಕೇಳಿದರೆ ಪಾತ್ರೆ ಅನ್ನುತ್ತೇನೆ. ವಾರದ ದಿನ ನುಚ್ಚನ್ನು ಕುಕ್ಕರಿನಲ್ಲಿ ಬೇಯಿಸಿ, ಪಾತ್ರೆಗೆ ಸುರಿದು, ಸಕ್ಕರೆಯಿಂದ ಮುಂದಿನದು ಮಾತ್ರ ಸಣ್ಣ ಉರಿಯಲ್ಲಿ ಮಾಡುತ್ತೇನೆ. ತಿಂದವರಿಗೆ ಗೊತ್ತಾಗಿಲ್ಲ.

ನನ್ನ ಅಳತೆ ಇಷ್ಟು. ನುಚ್ಚು ಒಂದು ಲೋಟ, ನೀರು ಎಂಟು, ಸಕ್ಕರೆ ಎರಡು. ಖಾನುಮ್ ಎರಡೂವರೆ ಹಾಕುತ್ತಾರೆ, ನಮಗೆ ಅಷ್ಟು ಸಿಹಿ ಆಗುವುದಿಲ್ಲ. ಸಕ್ಕರೆ ಕರಗಿದ ಮೇಲೆ ಕೇಸರಿ ನೀರು, ಏಲಕ್ಕಿ, ಬೆಣ್ಣೆ, ಅರ್ಧ ಹಿಡಿ ಬಾದಾಮಿ. ಕೊನೆಗೆ ಅರ್ಧ ಲೋಟ ಪನ್ನೀರು. ಆಮೇಲೆ ಮುಚ್ಚಳಕ್ಕೆ ಬಟ್ಟೆ ಸುತ್ತಿ ತೀರಾ ಸಣ್ಣ ಉರಿಯಲ್ಲಿ ಅರ್ಧ ಗಂಟೆ ದಮ್. ದಮ್ ಆದ ಮೇಲೆ ಸೌಟು ಹಾಕಿ ಕಲಕುತ್ತಾ ಕೂರಬೇಡಿ, ತಣ್ಣಗಾದಾಗ ಮೇಲೆ ನೀರು ಬಿಡುತ್ತದೆ. ಬಿಸಿ ಇರುವಾಗಲೇ ಬಟ್ಟಲಿಗೆ ಸುರಿದು, ಮೇಲೆ ಪೊರೆ ಕಟ್ಟಿದ ನಂತರ ದಾಲ್ಚಿನ್ನಿ. ಬೇಗ ಹಾಕಿದರೆ ಅದು ಒಳಗೆ ಇಳಿದು ಚಿತ್ತಾರ ಕಲೆಯಾಗುತ್ತದೆ.

ಒಟ್ಟು ನಾನು ಕೊಳ್ಳುವುದು ಬಾಸ್ಮತಿ ನುಚ್ಚು, ಸರ್ಗೋಲ್ ಕೇಸರಿ. ತಿಂಗಳಿಗೊಮ್ಮೆ ಮಾಡುವವಳು ನಾನು, ನಾಲ್ಕು ಜನರ ಮನೆ, ಲೆಕ್ಕ ಹಾಕಿ ಖರ್ಚು ಮಾಡುವ ಬುದ್ಧಿ. ಅಕ್ಕಿಯಲ್ಲಿ ಉಳಿದ ದುಡ್ಡು ಕೇಸರಿಗೆ ಹೋಗುತ್ತದೆ. ನಿಮ್ಮ ಮನೆಯಲ್ಲಿ ಸೋನಾ ಮಸೂರಿ ಮಾತ್ರ ಇದ್ದರೆ ಅದನ್ನೇ ಮಿಕ್ಸಿಯಲ್ಲಿ ಒಂದೆರಡು ಸಲ ಗಿರ್ರ್ ಅನ್ನಿಸಿ ಒಡೆದುಕೊಳ್ಳಿ. ಇಡೀ ಕಾಳಿಗಿಂತ ಎಷ್ಟೋ ವಾಸಿ, ಮುಕ್ಕಾಲು ಪಾಲು ನುಚ್ಚಿನ ಹದವೇ ಬರುತ್ತದೆ.

ಕಳೆದ ವಾರ ನುಚ್ಚಿನದು ಒಂದು ಬಟ್ಟಲು ಮೇಲಿನ ಮಹಡಿಗೆ ಕಳಿಸಿದೆ. ಖಾನುಮ್ ನಿಂತಲ್ಲೇ ಚಮಚ ಹಾಕಿ ತಿಂದು, ಅಕ್ಕಿ ಬಗ್ಗೆ ಏನೂ ಹೇಳಲಿಲ್ಲ. ಪನ್ನೀರು ಇನ್ನೂ ಸ್ವಲ್ಪ ಹಾಕು ಅಂದರು, ಅಷ್ಟೇ. ಈಜಿಪ್ಟ್ ಅಕ್ಕಿಯನ್ನು ಈಗ ಉದ್ದಿನ ಜೊತೆ ನೆನೆಸಿ ದೋಸೆಗೆ ಹಾಕಿ ಮುಗಿಸುತ್ತಿದ್ದೇನೆ. ದೋಸೆ ಚೆನ್ನಾಗಿ ಬರುತ್ತಿದೆ, ಸುಳ್ಳು ಹೇಳಬಾರದು.