‘ಹೊಂದುವ ಜೋಡಿ’ ಎಂಬ ಮಾತನ್ನು ನಂಬಿ ಫ್ಯೂಯೆಲ್ ಗೇಜ್ ಚಿಪ್ ಕೊಳ್ಳಬೇಡಿ

ಲಿಥಿಯಂ-ಅಯಾನ್ ಬ್ಯಾಟರಿಯ ಉಪಕರಣ ವಿನ್ಯಾಸ ಮಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಚಾರ್ಜರ್ ಚಿಪ್ಪನ್ನೂ, ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಎಂದು ಲೆಕ್ಕ ಹಾಕುವ ಫ್ಯೂಯೆಲ್ ಗೇಜ್ ಚಿಪ್ಪನ್ನೂ ಒಬ್ಬರೇ ಮಾರಾಟಗಾರರಿಂದ, “ಇವೆರಡೂ ಹೊಂದುವ ಜೋಡಿ, ನಿಮ್ಮ ಸೆಲ್‌ಗೆ ತಕ್ಕಂತೆ ನಾವೇ ಪ್ರೋಗ್ರಾಮ್ ಮಾಡಿ ಕೊಡುತ್ತೇವೆ” ಎಂಬ ಭರವಸೆಯ ಮೇಲೆ ಕೊಂಡು, 60 ಬೋರ್ಡ್‌ಗಳಿಗೆ ಹಾಕಿಸಿ, ಹತ್ತು ತಿಂಗಳ ಬಳಿಕ ನಾನು ಗ್ರಾಹಕರ ಮುಂದೆ ತಲೆ ತಗ್ಗಿಸಬೇಕಾಯಿತು.

ಪರದೆಯ ಮೇಲೆ 14 ಶೇಕಡಾ ಚಾರ್ಜ್ ಎಂದು ತೋರಿಸುತ್ತಿದ್ದ ಉಪಕರಣ ಅಳತೆಯ ನಡುವೆಯೇ ಆರಿಹೋಯಿತು. ಒಂದಲ್ಲ, ಸಾಲಾಗಿ ಹಲವು. ಮೊದಲ ದಿನದಿಂದಲೂ ಸುಳಿವು ಕಣ್ಣೆದುರಿಗೇ ಇತ್ತು: ಚಾರ್ಜರ್‌ನ ಹಸಿರು ದೀಪ ಹತ್ತಿದ ಮೇಲೂ ಗೇಜ್ 97 ದಾಟುತ್ತಿರಲಿಲ್ಲ. ಆಗ ಮಾರಾಟಗಾರರನ್ನು ಕೇಳಿದ್ದಕ್ಕೆ ಬಂದ ಉತ್ತರ, “ಗೇಜ್ ಇನ್ನೂ ಕಲಿಯುತ್ತಿದೆ, ನಾಲ್ಕೈದು ಸಲ ಪೂರ್ತಿ ಚಾರ್ಜ್ ಮಾಡಿ.” ನಾನು ನಂಬಿದೆ.

ಕೊನೆಗೆ ಎರಡೂ ಚಿಪ್‌ಗಳ ಡೇಟಾಶೀಟ್‌ಗಳನ್ನು (ತಾಂತ್ರಿಕ ವಿವರದ ಹಾಳೆಗಳನ್ನು) ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಾಚಿಕೆಯಿಂದ ಮೈ ಬಿಸಿಯಾಯಿತು. ನಮ್ಮ ಸೆಲ್ 3000 ಮಿಲಿಆಂಪಿಯರ್-ಅವರ್‌ನದು, ಚಾರ್ಜಿಂಗ್ ಕರೆಂಟ್ 2 ಆಂಪಿಯರ್. ಸೆಲ್ 4.2 ವೋಲ್ಟ್ ತಲುಪಿದ ಮೇಲೆ ಕರೆಂಟ್ ಇಳಿಯುತ್ತಾ ಬಂದು ಆರಂಭದ ಹತ್ತನೇ ಒಂದು ಭಾಗಕ್ಕೆ, ಅಂದರೆ 200 ಮಿಲಿಆಂಪಿಯರ್‌ಗೆ, ಮುಟ್ಟಿದೊಡನೆ ಈ ಚಾರ್ಜರ್ ನಿಂತುಬಿಡುತ್ತದೆ. ಗೇಜ್ ಆದರೋ, ಕರೆಂಟ್ 120ಕ್ಕಿಂತ ಕೆಳಗಿಳಿದರೆ ಮಾತ್ರ ಬ್ಯಾಟರಿ ತುಂಬಿತೆಂದು ಒಪ್ಪುತ್ತದೆ. ಚಾರ್ಜರ್ 200ರಲ್ಲೇ ಕೈಬಿಟ್ಟರೆ ಗೇಜ್ 120ನ್ನು ಯಾವಾಗ ಕಾಣಬೇಕು? ಎಂದಿಗೂ ಇಲ್ಲ. ಕೆಳತುದಿಯಲ್ಲೂ ಅದೇ ಕಥೆ: ನಮ್ಮ ಫರ್ಮ್‌ವೇರ್ (ಉಪಕರಣದೊಳಗಿನ ತಂತ್ರಾಂಶ) 3.3 ವೋಲ್ಟ್‌ಗೆ ಉಪಕರಣವನ್ನು ನಿಲ್ಲಿಸುತ್ತದೆ ಎಂದು ಆರ್ಡರ್‌ನಲ್ಲೇ ಬರೆದಿದ್ದೆ, ಅವರು ಖಾಲಿಯಾದ ಮಿತಿಯೆಂದು ಗೇಜ್‌ಗೆ ತುಂಬಿದ್ದು 3.0. ಸೆನ್ಸ್ ರೆಸಿಸ್ಟರ್ ಮೂಲಕ ಕರೆಂಟನ್ನು ಎಣಿಸುವ ಇಂಥ ಗೇಜ್, ತುಂಬಿದ ತುದಿಯಿಂದ ಖಾಲಿಯಾದ ತುದಿಯವರೆಗೆ ಎಣಿಸಿದರೆ ಮಾತ್ರ ಸೆಲ್‌ನ ಈಗಿನ ಸಾಮರ್ಥ್ಯವನ್ನು ತಿಳಿದುಕೊಳ್ಳುತ್ತದೆ. ನಮ್ಮದು ಎರಡು ತುದಿಗಳನ್ನೂ ಕಾಣಲೇ ಇಲ್ಲ. ಸೆಲ್ ಹಳತಾಗಿ ಸುಮಾರು 2480ಕ್ಕೆ ಇಳಿದಿದ್ದರೂ ಅದರ ಲೆಕ್ಕದಲ್ಲಿ ಇನ್ನೂ 3000 ಇತ್ತು.

ಇಷ್ಟನ್ನೂ ಅಂಕಿಗಳ ಸಮೇತ ಮಾರಾಟಗಾರರಿಗೆ ಬರೆದು ಕಳುಹಿಸಿದೆ. ಮೊದಲ ಉತ್ತರ: “ನಿಮ್ಮ ಸೆಲ್ ಕಳಪೆ ಇರಬೇಕು.” ಸೆಲ್‌ನ ಪರೀಕ್ಷಾ ದಾಖಲೆ ಕಳುಹಿಸಿದೆ. ಎರಡನೆಯದು: “ಬೋರ್ಡ್ ವಿನ್ಯಾಸದ ದೋಷ.” ವಿನ್ಯಾಸದ ನಕ್ಷೆ ಕಳುಹಿಸಿದೆ. ವಾರ ಕಳೆದು ಮೂರನೆಯದು: “120 ಎಂಬುದು ಡೇಟಾಶೀಟ್‌ನಲ್ಲೇ ಇದೆ, ನೀವು ಗಮನಿಸಬೇಕಿತ್ತು.” ನಾನು ಗಮನಿಸಬೇಕಿತ್ತು, ನಿಜ. ಆದರೆ ಜೋಡಿ ಹೊಂದಿಸುವ ಕೆಲಸಕ್ಕೆಂದೇ ಹಣ ಪಡೆದವರು ಏನನ್ನು ಗಮನಿಸಿದ್ದರು? ಹಾಗಾದರೆ ಆ ಅಂಕಿಯನ್ನು ಬದಲಿಸಿ ಕೊಡಿ ಎಂದರೆ, ಅದು ಒಮ್ಮೆ ಮಾತ್ರ ಬರೆಯಬಹುದಾದ ಮೆಮೊರಿ ಎಂದರು. ಬೆಸುಗೆ ಹಾಕಿದ ಚಿಪ್ಪನ್ನು ವಾಪಸು ಪಡೆಯುವುದಿಲ್ಲ ಎಂದೂ ಸೇರಿಸಿದರು. ಹೊಂದುವ ಜೋಡಿ ಎಂದವರೂ ಇವರೇ, ಪ್ರೋಗ್ರಾಮ್ ಮಾಡಿದವರೂ ಇವರೇ!

ಗೇಜ್ ಆರಿಸುವಾಗ ಅದರ ಟೇಪರ್ ಕರೆಂಟ್ (ಬ್ಯಾಟರಿ ತುಂಬಿತೆಂದು ಗೇಜ್ ಒಪ್ಪುವ ಮಿತಿ) ಚಾರ್ಜರ್‌ನ ಟರ್ಮಿನೇಷನ್ ಕರೆಂಟ್‌ಗಿಂತ (ಚಾರ್ಜರ್ ನಿಲ್ಲುವ ಮಿತಿಗಿಂತ) ಸ್ವಲ್ಪ ಹೆಚ್ಚಾಗಿಯೇ ಇರಬೇಕು. ಮಾರಾಟಗಾರರು ಇದನ್ನು ಅಂಕಿಗಳಲ್ಲಿ ಬರೆದು ಕೊಡಲು ಹಿಂಜರಿದರೆ ಅವರಿಂದ ಕೊಳ್ಳಬೇಡಿ. ಪದೇ ಪದೇ ಬದಲಿಸಬಹುದಾದ ಮೆಮೊರಿಯ ಗೇಜನ್ನೇ ಕೇಳಿ. ಎರಡು ಬೋರ್ಡ್‌ಗಳಲ್ಲಿ ಹಾಕಿ, ಗೇಜ್ 100 ಮುಟ್ಟುವುದನ್ನು ನಿಮ್ಮ ಕಣ್ಣಾರೆ ನೋಡುವವರೆಗೆ ಮಿಕ್ಕವನ್ನು ತರಿಸಬೇಡಿ.

ನಾನೀಗ 60 ಬೋರ್ಡ್‌ಗಳಲ್ಲೂ ಒಂದೊಂದು ರೆಸಿಸ್ಟರ್ ಬದಲಿಸಿ, ಚಾರ್ಜಿಂಗ್ ಕರೆಂಟನ್ನು 1 ಆಂಪಿಯರ್‌ಗೆ ಇಳಿಸುತ್ತಿದ್ದೇನೆ. ಆಗ ಚಾರ್ಜರ್ 100 ಮಿಲಿಆಂಪಿಯರ್‌ವರೆಗೆ ಕಾಯುತ್ತದೆ, ಗೇಜ್‌ಗೆ ತನ್ನ 120 ಕಾಣುತ್ತದೆ. ಫರ್ಮ್‌ವೇರ್‌ನ ಮಿತಿಯನ್ನೂ 3.0ಕ್ಕೆ ಇಳಿಸಿದ್ದಾಯಿತು. ಆದರೆ ಚಾರ್ಜ್ ಆಗಲು ಮೊದಲಿಗಿಂತ ಬಹಳ ಹೆಚ್ಚು ಹೊತ್ತು ಬೇಕು, ಅದಕ್ಕೆ ಕಾರಣವನ್ನು ಪ್ರತಿ ಗ್ರಾಹಕರಿಗೂ ನಾನೇ ಪತ್ರ ಬರೆದು ವಿವರಿಸುತ್ತಿದ್ದೇನೆ.